ಒಳಗಿನಿಂದ ಮೂರು ಏಟು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನನ್ನ ಷಡ್ಡಕರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಪ್ರೊಫೆಸರಾಗಿದ್ದವರು. ಬೆಂಕಿಯನ್ನು ಹಿಂದಕ್ಕೆ ಉಗುಳಿ ತಾವು ಮುಂದಕ್ಕೆ ನುಗ್ಗುವ ಎಂಜಿನ್ನುಗಳೇ ಅವರ ವಿದ್ಯೆ. ಅವರು ಮಾಡಿದ್ದರಲ್ಲಿ ಒಂದೂ ನೆಲ ಬಿಟ್ಟು ಏಳಲಿಲ್ಲ, ಅದು ಬೇರೆ ಮಾತು. ನಾನು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ, "ನಿದ್ದೆ ಬಂತೇನಯ್ಯ?" ಎಂದು ಕೆಣಕುವ ಮನುಷ್ಯ. ಅಂಥವರು ದೆವ್ವದ ಕತೆ ಕಟ್ಟಿ ಹೇಳುವುದಿಲ್ಲ.

ಅವರ ಪರೀಕ್ಷಾ ಶೆಡ್ಡಿನಲ್ಲಿ ಎರಡು ಕೋಣೆ. ಒಂದರಲ್ಲಿ ಎಂಜಿನ್, ಇನ್ನೊಂದರಲ್ಲಿ ಗುಂಡಿ ಒತ್ತುವ ಮೇಜು. ನಡುವೆ ದಪ್ಪ ಕಬ್ಬಿಣದ ಬಾಗಿಲು. ಬೆಂಕಿ ಹೊತ್ತಿಸುವ ಮುಂಚೆ ಆ ಬಾಗಿಲಿಗೆ ಸ್ಪ್ಯಾನರಿನಿಂದ ಮೂರು ಏಟು ಹೊಡೆಯಬೇಕು. ಆಚೆ ಯಾರಾದರೂ ಇದ್ದೀರಾ ಎಂದು ಅರ್ಥ. ಇದ್ದವರು ಎರಡು ಏಟು ಹೊಡೆಯಬೇಕು. ಇದ್ದೇನೆ, ಹೊತ್ತಿಸಬೇಡಿ ಎಂದು. ಈ ಪದ್ಧತಿ ತಂದವರು ಹಳೆಯ ಫಿಟ್ಟರ್. ಎಲ್ಲರ ಬಾಯಲ್ಲೂ ದೊಡ್ಡಪ್ಪ. ಈ ಸಂಗತಿ ನಡೆಯುವಾಗ ಅವರು ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ಬಾಗಿಲು ಬಡಿಯುವವರಿಲ್ಲ. ಷಡ್ಡಕರು ಎಚ್ಚರಿಕೆಗೆಂದು ಒಂದು ಕೆಂಪು ದೀಪ ಹಾಕಿಸಿ ಸುಮ್ಮನಾದರು.

ನಿವೃತ್ತಿಯ ಹಿಂದಿನ ರಾತ್ರಿ. ಮರುದಿನ ಶೆಡ್ಡಿಗೂ ಬೀಗ. ಷಡ್ಡಕರು ಕಾಲೆಳೆದುಕೊಂಡು ಮನೆಕಡೆ ಹೊರಟರು. ಕಾಲೇಜಿನ ಬಾವಿ ದಾಟುವಾಗ ಹೆಜ್ಜೆ ನಿಂತಿತು... ಶಿಷ್ಯೆಯ ಡಾಕ್ಟರೇಟ್ ಪ್ರಬಂಧಕ್ಕೆ, ಎಂಜಿನ್ ಹೊತ್ತಿಸಿ ಅಳೆಯಬೇಕಾದ ಒಂದೇ ಒಂದು ಅಂಕಿ ಬಾಕಿ. ಆರು ವರ್ಷ ದುಡಿದ ಹುಡುಗಿ. ಇವತ್ತು ಸಿಗದಿದ್ದರೆ ಇನ್ನಿಲ್ಲ.

ತಿರುಗಿ ಬಂದವರನ್ನು ಕಂಡು ಶೆಡ್ಡಿನ ಕಾವಲುಗಾರ ಕೇಳಿದ. "ಮತ್ತೆ ವಾಪಸ್ಸಾ ಸಾರ್?"

"ಒಂದು ಸಲ ಹೊತ್ತಿಸಿ ಬಂದುಬಿಡ್ತೀನಿ."

"ಒಬ್ಬರೇನಾ? ದೊಡ್ಡಪ್ಪ ಇದ್ದಿದ್ರೆ ಬಿಡ್ತಿದ್ರಾ?"

"ಅವರು ಇಲ್ವಲ್ಲಪ್ಪ..."

ಎಂಜಿನ್ ಕೋಣೆಯನ್ನು ಒಂದು ಸುತ್ತು ನೋಡಿದರು. ಯಾರೂ ಇಲ್ಲ. ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿದರು. ಎಂಟು ದಿನದ ನೆಗಡಿ, ಮೂಗು ಕಟ್ಟಿತ್ತು. ಕುರ್ಚಿಯಲ್ಲಿ ಕುಸಿದು ಪಂಪು ಚಾಲೂ ಮಾಡಿದರು. ಗುಂಯ್... ಎಂದಿತು. ಕವಾಟ ಟಿಕ್ ಎಂದಿತು. ಕೆಂಪು ದೀಪ ಹತ್ತಿತು. ಹೆಬ್ಬೆರಳು ಗುಂಡಿಯ ಮೇಲಿತ್ತು.

ಟಣ್... ಟಣ್... ... ಟಣ್.

ಬಾಗಿಲು. ಒಳಗಿನಿಂದ.

"ಯಾರದು?"

ಬಾಗಿಲಿನತ್ತ ಕಿವಿ ಕೊಟ್ಟರು.

ಮತ್ತೆ ಮೂರು. ಮೂರನೆಯದು ತುಸು ತಡ. ದೊಡ್ಡಪ್ಪ ಹಾಗೆಯೇ ಬಡಿಯುತ್ತಿದ್ದರು.

ಷಡ್ಡಕರು ಗುಂಡಿಯಿಂದ ಹೆಬ್ಬೆರಳು ತೆಗೆದರು. ಒಳಗೆ ಸಿಕ್ಕಿಕೊಂಡವರಾದರೆ ಎರಡು ಹೊಡೆಯಬೇಕು. ಮೂರು ಎಂದರೆ ಕೇಳುವವರ ಏಟು. ಬೆಂಕಿ ಬೀಳುವ ಕಡೆ ಯಾರಾದರೂ ಇದ್ದಾರೆಯೇ ಎಂದು ಕೇಳುವುದು... ಕೇಳುತ್ತಿದ್ದುದು ಇವರನ್ನು.

ಮೇಜಿನ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡರು. ಬಾಗಿಲಿಗೆ ಎರಡು ಏಟು ಹೊಡೆದರು. ಪಂಪು ನಿಲ್ಲಿಸಿ, ಚೀಲವನ್ನೂ ಮರೆತು ಮನೆಗೆ ಬಂದರು.

ಬೆಳಿಗ್ಗೆ ಕೆಲಸದವರು ನೋಡಿದರೆ ಇಂಧನದ ಕೊಳವೆ ಬೆಸುಗೆಯಲ್ಲಿ ಬಿರಿದಿತ್ತು. ಅದರ ಆವಿ ಗಾಳಿಗಿಂತ ಭಾರ. ತಂತಿ ಹೋಗುವ ಕಾಲುವೆಯಲ್ಲಿ ಇಳಿದು ಈಚೆ ಕೋಣೆಗೆ ಬಂದು, ಸರಿಯಾಗಿ ಅವರ ಕುರ್ಚಿಯ ಕೆಳಗೆ ತುಂಬಿಕೊಂಡಿತ್ತು. ಗುಂಡಿ ಒತ್ತಿದ್ದರೆ...

"ಪ್ರಬಂಧದಲ್ಲಿ ಆ ಅಂಕಿಯ ಖಾನೆ ಖಾಲಿ ಬಿಡಮ್ಮ," ಎಂದರಂತೆ ಶಿಷ್ಯೆಗೆ.

"ಆಗಲಿ ಸರ್. ನೀವು ಮೊದಲು ಕೂತ್ಕೊಳ್ಳಿ," ಎಂದಳಂತೆ ಅವಳು.

ನನಗೆ ತೋರಿಸಲೆಂದೇ ಷಡ್ಡಕರು ಒಮ್ಮೆ ಆ ಶೆಡ್ಡಿನ ಬೀಗ ತೆಗೆಸಿದರು. ಬಾಗಿಲಿನ ಒಳಮುಖ ಪೂರ್ತಿ ಮಸಿ. ಆ ಮಸಿಯಲ್ಲಿ ಬೆಳ್ಳಗೆ ಹೊಳೆಯುವ ಮೂರು ತಗ್ಗು. ಎರಡು ಹತ್ತಿರ ಹತ್ತಿರ, ಮೂರನೆಯದು ಸ್ವಲ್ಪ ದೂರ. ನಾನೇ ಬೆರಳಿಟ್ಟು ನೋಡಿದ್ದೇನೆ. ಇದು ನಡೆದದ್ದು, ಭಗವಂತನ ಮೇಲೆ ಆಣೆ. ಯಂತ್ರದ ಮುಂದೆ ಒಬ್ಬರೇ ಕೂತು ದುಡಿಯುವವರು ನಿಮಗೆ ಗೊತ್ತಿದ್ದರೆ, ಅವರಿಗೂ ಇದನ್ನು ಹೇಳಿ.