ಟೈಮ್ ಉಳಿಸೋಕೆ ಬಂದವರು

…ಆಯ್ತು ರೀ, ಒಪ್ಕೊಂಡೆ. ಸಂಪಿಗೆ ರಸ್ತೆ ಪಕ್ಕದ ಈ ಕ್ರಾಸಲ್ಲಿ ಇಷ್ಟು ವರ್ಷ ನಾನು ಬ್ಲೌಸ್ ಹೊಲೀತಿರಲಿಲ್ಲ, ಟೈಮ್ ವೇಸ್ಟ್ ಮಾಡ್ತಿದ್ದೆ. ನೀವು ರಿಟೈರ್ ಆಗಿ ಬಂದು ನನ್ನ ಅಂಗಡಿಯ ಈ ಸ್ಟೂಲ್ ಮೇಲೆ ಕೂತ ಮೇಲೇನೇ ನಂಗೆ ಗೊತ್ತಾಗಿದ್ದು. ಬೇರೆಯವರ ಗಂಡಂದಿರು ರಿಟೈರ್ ಆದ್ರೆ ಪಾರ್ಕಿಗೆ ಹೋಗ್ತಾರೆ, ಕಾಫಿ ಕುಡೀತಾ ಸರ್ಕಾರ ಬೀಳಿಸ್ತಾರೆ. ನೀವು ಹೆಂಡತಿಯ ಟೈಮ್ ಉಳಿಸೋಕೆ ಬಂದ್ರಿ. ಪುಣ್ಯ ಮಾಡಿದ್ದೆ ನಾನು.

ಯಾಕೆ ನಗ್ತೀರಾ? ಸೀರಿಯಸ್ಸಾಗೇ ಹೇಳ್ತಿದೀನಿ.

ಈ ಚಾರ್ಟ್ ನೋಡಿ, ಎಷ್ಟು ಚೆನ್ನಾಗಿ ಅಂಟ್ಸಿದೀರಾ, ಅದೂ ಕನ್ನಡಿ ಮೇಲೆ. ನಾಲ್ಕು ಮನೆ, ನಾಲ್ಕು ಬಣ್ಣ. ಅರ್ಜೆಂಟೂ ಹೌದು ಮುಖ್ಯಾನೂ ಹೌದು. ಮುಖ್ಯ, ಆದ್ರೆ ಅರ್ಜೆಂಟ್ ಅಲ್ಲ… ಇನ್ನೆರಡು ನಂಗೆ ಬಾಯಿಗೆ ಬರ್ತಿಲ್ಲ. ನನ್ನ ಕಸ್ಟಮರ್‌ಗಳಿಗೆ ಇರೋದು ಒಂದೇ ಮನೆ ರೀ. ಎಲ್ರಿಗೂ ನಾಳೆ ಬೆಳಿಗ್ಗೇನೇ ಮುಹೂರ್ತ. ನಿನ್ನೆ ಒಬ್ಬರು ಟ್ರಯಲ್ ಹಾಕ್ಕೊಂಡು ಕನ್ನಡಿ ನೋಡ್ತಾರೆ, ಎದೆ ಮೇಲೆ ಸರಿಯಾಗಿ ‘ಮುಖ್ಯವಲ್ಲ’ ಅಂತ ಕೆಂಪಕ್ಷರ. “ಇದು ನನಗೆ ಬರೆದಿದ್ದಾ ಪ್ರತಿಭಾ?” ಅಂತ ಕೇಳಿದ್ರು. ಏನು ಹೇಳಲಿ?

ಹಾಂ, ಅದನ್ನೇ ಹೇಳೋಕೆ ಬಂದೆ. ‘ಮಾತುಕತೆ’ ಅನ್ನೋದನ್ನ ಕಟ್ಟಕಡೇ ಮನೇಲಿ ಹಾಕಿದೀರಾ. ಬಿಟ್ಟುಬಿಡಬೇಕಾದ ಕೆಲಸ. ಸರಿ, ಬಿಡೋಣ. ಆದ್ರೆ ಟೇಪು ಬರೀ ಅಳತೆ ಹೇಳತ್ತೆ ರೀ. ಬಂದವರ ಮಗಳು ಬಸುರಿ ಅನ್ನೋದು ಮಾತಲ್ಲಿ ಗೊತ್ತಾಗತ್ತೆ, ಆಗ ಪಕ್ಕದ ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಡ್ತೀನಿ. ನಿಮ್ಮ ಲೆಕ್ಕದಲ್ಲಿ ಅದು ಹರಟೆ.

ಒಂದ್ನಿಮಿಷ ಇರಿ, ಸುಪ್ರಜಾ ಮೇಡಂ ಬಂದ್ರು. ಬನ್ನಿ ಮೇಡಂ, ರೆಡಿ ಇದೆ ನಿಮ್ದು. ತಗೊಳ್ಳಿ. ಇವರಾ? ನಮ್ಮನೆಯವ್ರು, ಮಂಜುನಾಥ್ ಅಂತ. ಈಗ ನಮ್ಮ ಮ್ಯಾನೇಜರ್. ಸಂಬಳ ಕೇಳಲ್ಲ, ಹಾಗಾಗಿ ಕೆಲಸದಿಂದ ತೆಗೆಯೋಕೂ ಆಗ್ತಿಲ್ಲ. ಕೂತ್ಕೊಳ್ಳಿ ಅನ್ನಬಹುದಿತ್ತು, ಆದ್ರೆ ಇಲ್ಲಿ ಮಾತಾಡೋ ಹಾಗಿಲ್ವಂತೆ… ನೋಡಿ ಅಲ್ಲಿ ಚಾರ್ಟಲ್ಲಿ, ಹಳದಿ ಮನೆ. ಬರ್ತೀರಾ? ಸರಿ ಮೇಡಂ.

ಪಾಪ, ಹೆದರ್ಕೊಂಡು ಹೋದ್ರು.

ಏನು? ಬುಧವಾರನಾ?

ಬುಧವಾರ ಮಧ್ಯಾಹ್ನ ಅಂಗಡಿ ಮುಚ್ತೀನಪ್ಪ. ಯಾವಾಗ್ಲೂ ಮುಚ್ತೀನಿ. ಚಿಕ್ಕಪೇಟೆಗೆ ಹೋಗ್ಬೇಕು, ಲೈನಿಂಗು, ಹುಕ್ಕು, ದಾರ… ಇವೆಲ್ಲ ತಾನಾಗೇ ನಡ್ಕೊಂಡು ಬರ್ತಾವಾ? ಗೊತ್ತು ರೀ, ಮೆಟ್ರೋ ಹತ್ತಿದ್ರೆ ಹೀಗೆ ಹೋಗಿ ಹಾಗೆ ಬರಬಹುದು. ಮೆಟ್ರೋ ಬೇಗ ಹೋಗತ್ತೆ, ಅಂಗಡಿಯವನು ಬೇಗ ತೋರಿಸಬೇಕಲ್ಲ. ಮೆರೂನ್ ಅಂದ್ರೆ ಕಾಫಿಪುಡಿ ಕಲರ್ ತೆಗೀತಾನೆ. ಅದಕ್ಕೇ ಸಂಜೆ ಆಗೋದು.

ಹೂಂ, ಮಿಷನ್ ಒಂದೇ ಇದೆ. ನಾನೂ ಒಬ್ಳೇ. ಅಷ್ಟೊಂದು ಬ್ಲೌಸ್ ಹೇಗೆ ಮುಗಿಯತ್ತೆ ಅಂದ್ರೆ… ಮುಗಿಯತ್ತೆ. ಸಂತೋಷಪಡ್ರಿ. ಕೆಲಸ ಆಗಿಲ್ಲ ಅಂತ ಬೈಯೋ ಮ್ಯಾನೇಜರ್‌ನ ನೋಡಿದೀನಿ, ಆಗ್ಬಿಟ್ಟಿದೆ ಅಂತ ಎನ್‌ಕ್ವೈರಿ ಮಾಡೋರನ್ನ ಇವತ್ತೇ ನೋಡ್ತಿರೋದು.

ಆ ಬ್ಲೌಸ್ ಯಾಕೆ ಒಳಗು ಹೊರಗು ಮಾಡ್ತಿದೀರಾ? ಇಸ್ತ್ರಿ ಆಗಿದೆ, ಇಟ್ಬಿಡಿ.

ಹೆಮ್ಮಿಂಗ್ ರೀ ಅದು. ಕೈಹೊಲಿಗೆ. ಅದ್ರ ಮೇಲೆ ಹೆಬ್ಬೆರಳು ಆಡಿಸಿದ್ರೆ ಏನು ಸಿಗತ್ತೆ?

ಸರಿ, ಅದು ನಂದಲ್ಲ. ಹೊರಗಡೆ ಕೊಡ್ತೀನಿ. ಒಬ್ಳು ಹುಡುಗಿ ಇದಾಳೆ, ಕೆಲಸ ನೀಟಾಗಿ ಮಾಡ್ತಾಳೆ. ನಿಮ್ಮ ಚಾರ್ಟಲ್ಲೇ ಇದೆಯಲ್ಲ, ಎಲ್ಲಾ ನೀವೇ ಮಾಡ್ಬೇಡಿ, ಬೇರೆಯವರಿಗೆ ಹಂಚಿ ಅಂತ. ಹಂಚ್ದೆ.

ಕೇಳಿ ಮತ್ತೆ, ಯಾರು ಅಂತ. ಬೆಳಿಗ್ಗೆಯಿಂದ ಎಲ್ಲಾ ಕೇಳಿದ್ರಿ, ಇದೊಂದು ಯಾಕೆ ಕೇಳ್ತಿಲ್ಲ?

ಹೊಲಿಗೆ ಆ ಕಡೆ ವಾಲಿದ್ರೆ ಏನಾಯ್ತು? ನಂದು ಈ ಕಡೆ ವಾಲತ್ತೆ, ಅದು ಆ ಕಡೆ. ಎಡಗೈಯಲ್ಲಿ ಹೊಲಿಯೋರು ಹಾಕೋದೇ ಹಾಗೆ. ಬೆಂಗಳೂರಲ್ಲಿ ಎಡಚರು ಒಬ್ರೇನಾ ಇರೋದು?

ರೀ…

ಆ ಬ್ಲೌಸನ್ನೇ ಹಿಡ್ಕೊಂಡು ಕೂತ್ಕೋಬೇಡಿ. ಬೈದ್ರೆ ನಾನೂ ಎರಡು ಮಾತು ಆಡ್ತೀನಿ.

ಹೂಂ. ಧನುಶ್ರೀನೇ.

ಬಿನ್ನಿಪೇಟೇಲಿ ಒಂದು ರೂಮಲ್ಲಿದಾಳೆ. ಹಳೇ ಮಿಷನ್ನು ರಿಪೇರಿಗೆ ಹಾಕಿದೀನಿ ಅಂದಿದ್ನಲ್ಲ, ಅವಳ ಹತ್ರಾನೇ ಇದೆ. ಬುಧವಾರ ಹೋಗ್ತೀನಿ, ಕಟಿಂಗ್ ಹೇಳ್ಕೊಡ್ತೀನಿ, ಊಟ ಮಾಡಿಸ್ತೀನಿ, ಬರ್ತೀನಿ. ಗಂಡನ ಮನೆ ಬಿಟ್ಟು ಬಂದ ದಿನ ನೀವು ಬಾಗ್ಲಲ್ಲಿ ನಿಂತ್ಕೊಂಡು ಹೇಳಿದ್ರಿ, ವಾಪಸ್ ಅಲ್ಲಿಗೇ ಹೋಗು, ಇಲ್ಲಾಂದ್ರೆ ಇಲ್ಲಿಗೂ ಬರಬೇಡ ಅಂತ. ಅವಳು ಅಲ್ಲಿಗೂ ಹೋಗ್ಲಿಲ್ಲ, ಇಲ್ಲಿಗೂ ಬರಲಿಲ್ಲ. ನಿಮ್ಮ ಮಗಳೇ ಅಲ್ವಾ, ಹಠ ಇನ್ನೆಲ್ಲಿಂದ ಬರತ್ತೆ. ಆಡಿದ ಮಾತು ವಾಪಸ್ ತಗೊಳ್ಳಿ ಅಂತ ನಿಮ್ಮನ್ನ ಕೇಳೋಕೆ ಹೋಗ್ಲಿಲ್ಲ ನಾನು. ಕೇಳಿದ್ರೆ ನೀವು ಇನ್ನೊಂದು ಸಲ ಅದನ್ನೇ ಗಟ್ಟಿಯಾಗಿ ಹೇಳ್ತಿದ್ರಿ. ಅದಕ್ಕೇ ಚಿಕ್ಕಪೇಟೆ ಅಂದೆ.

ಅವಳು ಚಿಕ್ಕೋಳಿದ್ದಾಗ ಬಲಗೈಯಲ್ಲೇ ಬರೀಲಿ ಅಂತ ಎಡಗೈಗೆ ಕರ್ಚೀಫ್ ಕಟ್ಟಿ ಆಫೀಸಿಗೆ ಹೋಗ್ತಿದ್ರಿ, ಜ್ಞಾಪಕ ಇದೆಯಾ? ನೀವು ಗೇಟ್ ದಾಟಿದ ತಕ್ಷಣ ನಾನು ಬಿಚ್ತಿದ್ದೆ. ಸಂಜೆ ನೀವು ಬರೋ ಹೊತ್ತಿಗೆ ಮತ್ತೆ ಕಟ್ತಿದ್ದೆ. ನಿಮ್ಮ ಥರ ಗಂಟು ಹಾಕೋಕೆ ಮಾತ್ರ ಯಾವತ್ತೂ ಬರಲಿಲ್ಲ ನಂಗೆ.

…ಅದೂ ಗೊತ್ತಿತ್ತಾ?

ಗೊತ್ತಿದ್ದೂ ಸುಮ್ನಿದ್ರಾ?

ಆ ಬ್ಲೌಸ್ ಈ ಕಡೆ ಕೊಡಿ ಮೊದ್ಲು. ರೇಷ್ಮೆ ರೀ ಅದು. ನೀರು ಬಿದ್ರೆ ಕಲೆ ನಿಂತ್ಬಿಡತ್ತೆ.