ಇಸೋಲಿನಾಳ ಗುಡಿ

ಚಿಲಿ ದೇಶದ ತಾಲ್ಕಾ ಊರಲ್ಲಿ ಬ್ರೆಡ್ಡಿನ ಸಾಲು. ನನ್ನ ಮುಂದೆ ನಮ್ಮ ಬೀದಿಯ ಎಲ್ವಿರಾ, ಅವಳ ಪಕ್ಕ ಮುದುಕಿ ಒರ್ಫಿಲಿಯಾ.

"ಅಕ್ಕಾ, ಮೂಲೆಮನೆಗೆ ಹೊಸಬರು ಬಂದಿದ್ದಾರಲ್ಲ, ಅವರ ಮಗಳ ಹೆಸರು ಇಸೋಲಿನಾ ಅಂತೆ," ಅಂದಳು ಎಲ್ವಿರಾ.

"ಸುಮ್ನಿರೇ! ಈಗ ಮಕ್ಕಳಿಗೆ ಯಾರೂ ಇಡಲ್ಲ ಅಂತ್ಲೇ ತಾನೆ ನಾವು ಗುಡಿ ಮೇಲೆ ಆ ಹೆಸರು ಬರೆದಿದ್ದು?"

"ದೊಡ್ಡ ರಸ್ತೆ ಅಗಲ ಮಾಡೋಕೆ ಅಗೆದಾಗಿಂದ ಕಾರುಗಳೆಲ್ಲ ನಮ್ಮ ಬೀದಿಗೇ ನುಗ್ತಿವೆ, ಅಪಘಾತದಲ್ಲಿ ಸತ್ತ ಮಗುವಿನ ಗುಡಿ ಅಂತ ಮೂಲೇಲಿ ಒಂದು ಸುಳ್ಳು ಗುಡಿ ಇಟ್ರೆ ಕಾರಿನವರು ಹೆದರ್ತಾರೆ ಅಂದೋರು ನೀವು."

"ಹೆದರಿದ್ರಲ್ಲ! ಲಾರಿಯವರೂ ಶಿಲುಬೆ ಗುರುತು ಹಾಕ್ಕೊಂಡು ಮೆಲ್ಲಗೆ ಹೋಗ್ತಾರೆ."

"ನಿನ್ನೆ ಆ ಮಗು ಗುಡಿ ಮುಂದೆ ಗೊಂಬೆ ಆಡಿಸ್ತಾ ಕೂತಿತ್ತು. 'ಇದು ನನ್ನ ಮನೆ, ನನ್ನ ಹೆಸರೇ ಬರೆದಿದೆ' ಅಂತು."

"ಅಯ್ಯೋ ದೇವರೇ. ಇವತ್ತೇ ಕಿತ್ತು ಹಾಕೋಣ."

"ಕಿತ್ರೆ ಕಾರುಗಳು ಮತ್ತೆ ಹಾರ್ಕೊಂಡು ಬರ್ತವೆ. ಆ ಮಗು ಆಡೋದು ಬೀದೀಲೇ."

"ಹಾಗಾದ್ರೆ ಹೆಸರು ಅಳಿಸಿ ಬೇರೆ ಬರೆಯೋಣ."

"ಯಾರ ಹೆಸರು ಬರೀತೀರಿ, ಹೇಳಿ?"

ಒರ್ಫಿಲಿಯಾ ಬೆರಳು ಮಡಚುತ್ತಾ ಹೆಸರುಗಳನ್ನು ಎಣಿಸಿದಳು. ನೆನಪಾದ ಪ್ರತಿ ಹೆಸರಿಗೂ ಬೀದಿಯಲ್ಲಿ ಒಂದು ಮಗು ಇತ್ತು. ಬಿಸಿ ಬ್ರೆಡ್ಡನ್ನು ಎದೆಗವಚಿಕೊಂಡು ಇಬ್ಬರೂ ಮಗು ಆಡುವ ಮೂಲೆಯ ಕಡೆಗೆ ಬೇಗಬೇಗ ನಡೆದರು.