ಮುನ್ನೂರು ಲೇಖಕರಲ್ಲಿ ಒಬ್ಬ

ಕೋಲ್ಕತ್ತಾದ ಸಂಸ್ಥೆಯೊಂದರಲ್ಲಿ ಎಲ್ಲ ವಿಷಯದವರಿಗೂ ತೆರೆದಿದ್ದ ಒಂದೇ ಒಂದು ಸಂಶೋಧನಾ ಹುದ್ದೆಯ ಸಂದರ್ಶನಕ್ಕೆ ವೈದ್ಯ ಶುಭಾಯು ಕಾಂಜಿಲಾಲ್ ಕಾಯುತ್ತಿದ್ದ. ಕಂಬದ ಆಚೆ ಆಯ್ಕೆ ಸಮಿತಿಯ ಇಪ್ಸಿತಾ, ತಪನ್ ಇಬ್ಬರೂ ಚಹಾ ಕುಡಿಯುತ್ತಾ ಜಗಳಕ್ಕಿಳಿದಿದ್ದರು.

“ಇಪ್ಸಿತಾದಿ, ಈ ಡಾಕ್ಟರ್ ಕಾಂಜಿಲಾಲನ ಬರಹಾನ ಬೇರೆಯವರು ನಾಲ್ಕು ಸಾವಿರ ಸಲ ಉಲ್ಲೇಖಿಸಿದಾರೆ. ನಿಮ್ಮ ಗಣಿತದ ಹುಡುಗೀದು ಬರೀ ಅರವತ್ತೆರಡು!”

“ಗಣಿತದಲ್ಲಿ ಅರವತ್ತೆರಡು ಅಂದ್ರೆ ದೊಡ್ಡದು ತಪನ್‌ದಾ. ಕ್ರಿಕೆಟ್ಟಿನ ರನ್ನೂ ಫುಟ್‌ಬಾಲಿನ ಗೋಲೂ ಒಂದೇ ಅಂತೀರಾ?”

“ಮೇಲಿನವರು ಕೇಳೋದು ಅಂಕಿ, ದಿದಿ.”

“ಆ ನಾಲ್ಕು ಸಾವಿರವೂ ಹೆಚ್ಚುಕಮ್ಮಿ ಒಂದೇ ಪ್ರಬಂಧದ್ದು. ಅದಕ್ಕೆ ಮುನ್ನೂರು ಲೇಖಕರು. ಅದರಲ್ಲಿ ಇವನ ಕೆಲಸ ಏನಂತೆ?”

“ಒಳಗೆ ಬರ್ತಾನಲ್ಲ, ನೀವೇ ಕೇಳಿ.”

“ಕೇಳದೆ ಬಿಡ್ತೀನಾ?”

ಇಬ್ಬರೂ ಮಣ್ಣಿನ ಲೋಟಗಳನ್ನು ಬುಟ್ಟಿಗೆಸೆದು ಬಿರಬಿರನೆ ಒಳಗೆ ಹೋದರು.

ಶುಭಾಯುವಿಗೆ ಎಲ್ಲವೂ ಕೇಳಿಸಿತ್ತು. ಆ ಪ್ರಬಂಧಕ್ಕೆ ಅವನು ಕೊಟ್ಟದ್ದು ಹದಿನೇಳು ರೋಗಿಗಳ ರಕ್ತದ ಮಾದರಿ, ಅಷ್ಟೇ. ಅದನ್ನು ಪೂರ್ತಿ ಓದಿಯೂ ಇರಲಿಲ್ಲ. ತನ್ನ ಹೆಸರು ಕೂಗಿದಾಗ ಒಳಗೆ ಹೋದವನು, ಯಾರೂ ಕೇಳುವ ಮೊದಲೇ, ನಿಂತುಕೊಂಡೇ ಇದಿಷ್ಟನ್ನೂ ಹೇಳಿಬಿಟ್ಟ.